ಮೌನೇಶಾಚಾರಿ ಬದುಕಿಸಿದ ಬಸರಿ

ಮೌನೇಶಾಚಾರಿಗೆ ಜನರೆಂದರೆ ಅಷ್ಟಕ್ಕಷ್ಟೆ. ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಅವನದೊಂದು ಚಿನ್ನದ ಕೆಲಸದ ಅಂಗಡಿ, ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ. ತಾರಸಿಯ ತುಂಬ ಮೊಣಕಾಲೆತ್ತರ ದಾಟದ ಆಲ, ಅತ್ತಿ, ಗೋಣಿ, ಬೇಲದ ಮರಗಳು. ಮದುವೆಯ ಒಡವೆಗಳೆಲ್ಲ ಮೈಸೂರಿನ ಷೋರೂಮುಗಳ ಪಾಲಾದ ಮೇಲೆ ಅವನಿಗೆ ಉಳಿದದ್ದು ಮೂಗುತಿಯ ತಿರುಪು ಸರಿಮಾಡುವುದು, ಕಾಲ್ಗೆಜ್ಜೆಗೆ ಬೆಸುಗೆ ಹಾಕುವುದು, ಇಂಥ ಪುಡಿಗೆಲಸ. ಮಿಕ್ಕ ಹೊತ್ತೆಲ್ಲ ಅವನು ತಾರಸಿಯ ಮೇಲೆ. ತಾಮ್ರದ ತಂತಿ ಕಾಯಿಸಿ ಮೆತ್ತಗೆ ಮಾಡಿ ಕೊಂಬೆಗೆ ಸುತ್ತುತ್ತಿದ್ದ, ಒಡವೆಗೆ ಹಿಡಿಯುವ ಚಿಮುಟದಲ್ಲೇ ಚಿಗುರು ಚಿವುಟುತ್ತಿದ್ದ. ಮರಗಳು ಚೌಕಾಸಿ ಮಾಡುವುದಿಲ್ಲ, ಅನುಮಾನವನ್ನಂತೂ ಪಡುವುದೇ ಇಲ್ಲ, ಆದ್ದರಿಂದ ಅವು ಮನುಷ್ಯರಿಗಿಂತ ಮೇಲು ಎನ್ನುವುದು ಅವನ ತೀರ್ಮಾನ.

ಬೋನ್ಸಾಯ್ ಕಲಿಯುತ್ತೇನೆಂದು ಬರುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಕತ್ತರಿ ಹಿಡಿದವರು, ಟೀವಿ ಪಕ್ಕದಲ್ಲಿ ಆಲದ ಮರ ಇಟ್ಟು ಬಿಸಿಲು ತೋರಿಸದವರು, ಸತ್ತ ಮೇಲೆ ಕುಂಡ ಹೊತ್ತುಕೊಂಡು ಬಂದು ಬದುಕಿಸಿ ಕೊಡಿ ಎನ್ನುವವರು. ಅಂಥವರ ಮುಂದೆ ಅವನು ಗಿಡವನ್ನೇ ಮಾತಾಡಿಸುತ್ತಿದ್ದ, ಅವರನ್ನಲ್ಲ. ಪಾಪ, ಯಾರ ಕೈಗೆ ಸಿಕ್ಕಿಬಿಟ್ಟೆ ನೀನು ಎನ್ನುತ್ತಿದ್ದ.

ಅರಕೆರೆಯ ನಿಂಗರಾಜು ಬಂದದ್ದು ಹಾಗೆಯೇ. ನಾಲೆ ಬಯಲಿನ ಗದ್ದೆ, ಕಬ್ಬು, ಹಸು ಎಲ್ಲ ಇದ್ದ ಗಟ್ಟಿ ಕುಳ. ಮೈಸೂರಿನ ಹೂವಿನ ಪ್ರದರ್ಶನದಲ್ಲಿ ಕಂಡು ಆಸೆಪಟ್ಟು ಕೊಂಡಿದ್ದ ಬಸರಿ, ಹುಣಸೆ, ಕಾಗದದ ಹೂವಿನ ಗಿಡಗಳನ್ನು ಕಾರಿನ ಹಿಂದಿನಿಂದ ಇಳಿಸಿದ. ಹುಣಸೆ ಯಾವಾಗಲೋ ಸತ್ತಿತ್ತು. ಉಳಿದವು ಎಲೆ ಹಳದಿಯಾಗಿ ಜೋತುಬಿದ್ದಿದ್ದವು. ಮೌನೇಶ ಬಸರಿಯನ್ನು ಕುಂಡದಿಂದ ಎತ್ತಿದರೆ ಗದ್ದೆಯ ಜೇಡಿ ಮಣ್ಣು ಮುದ್ದೆಯ ಹಾಗೆ ಬಂತು, ಅದರ ಹಿಂದೆಯೇ ಕೊಳೆತ ಬೇರಿನ ನಾತ.

“ನೀರ್ಗೇನೂ ಕಮ್ಮಿ ಮಾಡಿಲ್ಲ ಆಚಾರ್ರೆ,” ಎಂದ ನಿಂಗರಾಜು. “ತಟ್ಟೇಲಿ ಯಾವಾಗ್ಲೂ ನೀರು ನಿಂತೇ ಇರೋದು. ಯೂರಿಯಾನೂ ಆಕಿದೀನಿ.”

“ನೀವು ಗಿಡ ಸಾಕಿಲ್ಲ ಗೌಡ್ರೆ,” ಎಂದ ಮೌನೇಶ. “ನಾಟಿ ಮಾಡಿದೀರ.”

ನಾಲೆಯ ನೀರು ಕಂಡು ಬೆಳೆದವನಿಗೆ ಗಿಡದ ಯಾವ ಕಾಯಿಲೆಗೂ ನೀರೇ ಔಷಧಿ. ಬೇರಿಗೆ ಉಸಿರು ಬೇಕು ಎಂದರೆ ನಿಂಗರಾಜುವಿಗೆ ನಗು. ಆದರೂ ಆ ಎರಡು ಗಿಡಗಳನ್ನು ಬಿಟ್ಟು ಹೋಗಲು ಒಪ್ಪಿದ, ಒಂದು ಷರತ್ತಿನ ಮೇಲೆ. ಕೆಲಸ ಮಾಡುವಾಗ ತಾನು ಎದುರಿಗೆ ಕೂತಿರುತ್ತೇನೆ ಎಂದ.

ಆ ಮಾತು ಕೇಳಿ ಮೌನೇಶನ ಮುಖ ಗಂಟಿಕ್ಕಿತು. ಈ ಕಡೆಯ ಊರುಗಳಲ್ಲಿ ಅದೊಂದು ಹಳೆಯ ಪದ್ಧತಿ. ಚಿನ್ನ ಕೊಟ್ಟವರು ಅದು ಒಡವೆಯಾಗುವ ತನಕ ಅಕ್ಕಸಾಲಿಯ ಎದುರಿಗೆ ಕೂತು ಕಾಯುತ್ತಾರೆ. ಮೂಸೆಯಲ್ಲಿ ಕರಗುವುದನ್ನು ನೋಡಬೇಕು, ತಟ್ಟುವುದನ್ನು ನೋಡಬೇಕು, ಕಣ್ಣು ತಪ್ಪಿದರೆ ಗುಲಗಂಜಿಯಷ್ಟು ಹೋಯಿತು ಎಂದೇ ಅವರ ನಂಬಿಕೆ. ನಿಂಗರಾಜುವಿನ ಅಪ್ಪ ಬೋರಯ್ಯ ಈ ಕಾವಲಿನಲ್ಲಿ ಎಲ್ಲರಿಗಿಂತ ಗಟ್ಟಿಗ. ಬುತ್ತಿ ಕಟ್ಟಿಸಿಕೊಂಡು ಬಂದು, ಮೌನೇಶನ ಅಪ್ಪ ಸೋಮಾಚಾರಿಯ ಅಗ್ಗಿಷ್ಟಿಕೆಯ ಮುಂದೆ ಕೂತು, ಎಲೆಯಡಿಕೆ ಹಾಕಲೂ ತಲೆ ಬಗ್ಗಿಸುತ್ತಿರಲಿಲ್ಲ. ಸೋಮಾಚಾರಿ ಬದುಕಿನುದ್ದಕ್ಕೂ ಆ ನೋಟದ ಕೆಳಗೆ ದುಡಿದ. ಕೆಲಸ ಮುಗಿದ ಮೇಲೆ ಅರ ಉಜ್ಜಿದ ಪುಡಿಯನ್ನೂ ಮೊಲದ ಕೂದಲಿನ ಬ್ರಷ್ಷಿನಲ್ಲಿ ಗುಡಿಸಿ, ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದ. ಒಂದು ದಿನವೂ ಒಂದು ಕಣವೂ ಅವನ ಮನೆಗೆ ಹೋಗಲಿಲ್ಲ. ಸಾಯುವಾಗ ಅವನು ಬಿಟ್ಟುಹೋದದ್ದು ಆ ಹೆಸರೊಂದೇ, ಮೌನೇಶನಿಗೆ ಹೆಮ್ಮೆ ಎಂದಿದ್ದರೆ ಅದೊಂದೇ.

ಈಗ ಆ ಬೋರಯ್ಯನ ಮಗ ಕುರ್ಚಿ ಹಾಕಿಕೊಂಡು ತಾರಸಿಯಲ್ಲಿ ಕೂತ. ಮೌನೇಶ ಬೇರಿನ ಮಣ್ಣೆಲ್ಲ ತೊಳೆದು, ಕಪ್ಪಗೆ ಕೊಳೆತದ್ದನ್ನು ಕತ್ತರಿಸಿ ಬಿಸಾಡಿದಾಗ ನಿಂಗರಾಜು ಅಯ್ಯಯ್ಯೋ ಎಂದ. ಉದ್ದುದ್ದ ಬೆಳೆದ ಕೊಂಬೆಗಳನ್ನು ಮೋಟು ಮಾಡಿದಾಗ, ಇಷ್ಟು ಸೊಂಪಾಗಿದ್ದದ್ದನ್ನು ಬೋಳಿಸಿಬಿಟ್ಟಿರಲ್ಲ ಎಂದು ನರಳಿದ. ಇಟ್ಟಿಗೆ ಚೂರು, ದಪ್ಪ ಮರಳು ಬೆರೆಸಿ ಅಗಲದ ಮಣ್ಣಿನ ತಟ್ಟೆಗೆ ಮರವನ್ನು ಕೂರಿಸಿ, ಅಲುಗದಂತೆ ತಂತಿಯಲ್ಲಿ ಕಟ್ಟಿದ ಮೇಲೆ, ಇದರಲ್ಲಿ ಮಣ್ಣೇ ಇಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿದ. ಮೌನೇಶ ತಟ್ಟೆಯನ್ನೆತ್ತಿ ನೆರಳಿನ ಬಲೆಯ ಕೆಳಗೆ ಇಟ್ಟ. ಕತ್ತೆಗೆ ಕಸ್ತೂರಿ ತೋರಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಕಬ್ಬಿನ ಕಟಾವು ಶುರುವಾಯಿತು, ನಿಂಗರಾಜು ಬರುವುದು ನಿಂತಿತು. ಅತ್ತ ನೆರಳಿನ ಬಲೆಯ ಕೆಳಗೆ ಬಸರಿಯ ಉಳಿದ ಎಲೆಗಳೂ ಉದುರಿದವು. ಮೌನೇಶ ಬೆಳಿಗ್ಗೆ ಕಾಂಡದ ಮೇಲೆ ಹನಿ ಚಿಮುಕಿಸುವುದು, ತಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡುವುದು, ಇಷ್ಟು ಬಿಟ್ಟು ಬೇರೇನೂ ಮಾಡಲಿಲ್ಲ. ಒಂದು ದಿನ ಮೋಟು ಕೊಂಬೆಯ ತುದಿಯಲ್ಲಿ ಕೆಂಪಗೆ ಚಿಗುರು ಕಂಡಿತು. ಆಮೇಲೆ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಸರಿಸಿದ. ಬೇಸಿಗೆ ಹೊತ್ತಿಗೆ ಮರ ತುಂಬ ಉಗುರಗಲದ ಎಲೆ, ಒತ್ತೊತ್ತಾಗಿ, ಮಿಂಚುತ್ತ. ಬೈದುಕೊಂಡೇ ಸಾಕಿದರೂ ಮರ ಅವನ ಮನಸ್ಸಿಗೆ ಹಿಡಿದಿತ್ತು. ಇದು ಮತ್ತೆ ಅರಕೆರೆಯ ಕೆಸರಿಗೆ ಹೋಗಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ನಿಂಗರಾಜು ಬಂದ. ಕಾಗದದ ಹೂವಿನ ಗಿಡವನ್ನು ಹೂವಿನ ಬಣ್ಣದಿಂದ ಗುರುತು ಹಿಡಿದು ಕಾರಿಗೆ ಹಾಕಿಸಿದ. ಬಸರಿಯ ಮುಂದೆ ಮಾತ್ರ ನಿಂತೇ ನಿಂತ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಇದು ನಮ್ದಲ್ಲ,” ಎಂದ. “ನಮ್ದ್ರಲ್ಲಿ ಎಲೆ ಅಂಗೈಯಗಲ ಇದ್ವು. ಬೇಜಾರ್ ಮಾಡ್ಕಬ್ಯಾಡಿ ಆಚಾರ್ರೆ, ಇಷ್ಟೊಂದು ಮರದಲ್ಲಿ ಅದ್ಲುಬದ್ಲಾಗೋದು ಸಹಜ.”

ಗದರಿದ್ದರೆ ತಡೆದುಕೊಳ್ಳಬಹುದಿತ್ತು. ಆ ಸಮಾಧಾನದ ದನಿಯೇ ಮೌನೇಶನನ್ನು ಚುಚ್ಚಿತು. ಅವನು ತೋರಿಸಬಹುದಿತ್ತು. ಕೊಂಬೆ ಕತ್ತರಿಸಿದ ಗುರುತುಗಳು ಕಾಂಡದ ಮೇಲೆ ಇದ್ದವು, ನಿಂಗರಾಜು ಎದುರಿಗೇ ಕೂತು ನೋಡಿದ್ದ. ಆದರೆ ರುಜುವಾತು ತೋರಿಸಿ ತೋರಿಸಿಯೇ ಸತ್ತ ಅಪ್ಪನ ನೆನಪಾಗಿ ಅವನಿಗೆ ರೇಗಿತು. ಈ ಗದ್ದೆ ಗೌಡನಿಗೆ ತಾನೇಕೆ ತೋರಿಸಬೇಕು?

“ಅಂಗಾದ್ರೆ ನಿಮ್ದ್ಯಾವ್ದೋ ನೀವೇ ಎತ್ಕಳಿ,” ಎಂದ.

ನಿಂಗರಾಜು ತಾರಸಿಯೆಲ್ಲ ಹುಡುಕಿದ. ನೀರಿನ ತೊಟ್ಟಿಯ ಹಿಂದೆ, ಬಣ್ಣದ ಖಾಲಿ ಬಕೆಟ್ಟಿನಲ್ಲಿ ಒಂದು ಬಸರಿ ಇತ್ತು. ಹಕ್ಕಿ ಹಿಕ್ಕೆಯಿಂದ ಗೋಡೆ ಸಂದಿಯಲ್ಲಿ ಹುಟ್ಟಿದ್ದು, ಕೋಲಿನ ಹಾಗೆ ನೆಟ್ಟಗೆ ಬೆಳೆದದ್ದು, ಅಂಗೈಯಗಲದ ಎಲೆಯದ್ದು. ಅಲ್ಲಿಂದ ಕಿತ್ತು, ಬಿಸಾಡಿದರಾಯಿತೆಂದು ಮೌನೇಶ ಮೂಲೆಗಿಟ್ಟಿದ್ದ. ನಿಂಗರಾಜುವಿನ ಮುಖ ಅರಳಿತು. ಕಳೆದ ಕರು ಸಿಕ್ಕವನ ಹಾಗೆ ಬಕೆಟ್ಟನ್ನು ತಬ್ಬಿಕೊಂಡ.

“ಇದೇ ಅಲ್ವಾ ನಮ್ದು?”

“ಅದೇ,” ಎಂದ ಮೌನೇಶ, ನಗು ನುಂಗಿಕೊಂಡು. “ಸರ್ಯಾಗ್ ಗುರ್ತಿಡುದ್ರಿ ಗೌಡ್ರೆ.”

ಸಂಜೆ ತನಕ ಅವನಿಗೆ ನಗು ತಡೆಯಲಾಗಲಿಲ್ಲ. ಬಕೆಟ್ಟು ತಬ್ಬಿಕೊಂಡ ಪರಿಯನ್ನು ಹೆಂಡತಿ ಜಯಲಕ್ಷ್ಮಮ್ಮನ ಮುಂದೆ ಅಭಿನಯಿಸಿ ತೋರಿಸಿದ. ಅವಳು ನಗಲಿಲ್ಲ. ಹಾಗಾದರೆ ಆ ಗೌಡರ ಮರ ಎಲ್ಲಿದೆ ಎಂದು ಕೇಳಿದಳು. ಅವನು ಬೇಡ ಎಂದು ಹೋದನಲ್ಲ, ಇನ್ನು ನಮ್ಮದೇ ಎಂದ ಮೌನೇಶ.

“ಮಾವ್ನೋರು ಅರದ ಪುಡಿನೂ ಗುಡ್ಸಿ ಕೊಡೋರು,” ಎಂದಳು ಜಯಲಕ್ಷ್ಮಮ್ಮ, ಮತ್ತೆ ಅಕ್ಕಿ ಆರಿಸುವುದಕ್ಕೆ ಕೂತಳು.

ಅಲ್ಲಿಂದ ಮುಂದೆ ಮೌನೇಶನಿಗೆ ಆ ಮರದ ಹತ್ತಿರ ಹೋಗುವುದೇ ಕಷ್ಟವಾಯಿತು. ಅದು ಅವನ ಮೇಲೆ ಸೇಡು ತೀರಿಸಿಕೊಳ್ಳುವಂತೆ ದಿನೇ ದಿನೇ ಚೆನ್ನಾಗಿ ಬೆಳೆಯುತ್ತಿತ್ತು. ನೋಡಲು ಬಂದವರು ಎಲ್ಲ ಬಿಟ್ಟು ಅದರ ಮುಂದೆಯೇ ನಿಂತು, ಇದೆಷ್ಟು ವರ್ಷದ್ದು, ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದರು. ಅವನು ಬಾಯಿಗೆ ಬಂದದ್ದೇನೋ ಹೇಳುತ್ತಿದ್ದ. ದಡ್ಡನನ್ನು ಆಡಿಕೊಳ್ಳುವುದಕ್ಕೆ ಹೋಗಿ, ಅಪ್ಪ ಇಡೀ ಜನ್ಮ ಮಾಡದ ಕೆಲಸವನ್ನು ತಾನು ಒಂದು ಗಳಿಗೆಯಲ್ಲಿ ಮಾಡಿಬಿಟ್ಟೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಒಂದು ಭಾನುವಾರ ಮರವನ್ನು ತೊಡೆಯ ಮೇಲಿಟ್ಟುಕೊಂಡು ಅರಕೆರೆ ಬಸ್ಸು ಹತ್ತಿದ.

ನಿಂಗರಾಜುವಿನ ಮನೆಯ ಜಗಲಿಯಲ್ಲಿ ಬೋರಯ್ಯ ಕೂತಿದ್ದ. ಹಣ್ಣು ಹಣ್ಣು ಮುದುಕನಾಗಿದ್ದರೂ ಕಣ್ಣು ಮಾತ್ರ ಹಾಗೆಯೇ ಇದ್ದವು. ಪಕ್ಕದಲ್ಲಿ ಡೇರಿಗೆ ಹಾಲು ಹಾಕಿ ಬಂದ ಇಬ್ಬರು ಮಾತಾಡುತ್ತ ನಿಂತಿದ್ದರು. ಕಾಂಪೌಂಡಿನ ಮೇಲೆ ಬಕೆಟ್ಟಿನ ಬಸರಿ ಹೊಸ ಗದ್ದೆ ಮಣ್ಣು ತುಂಬಿಸಿಕೊಂಡು ಮೆರೆಯುತ್ತಿತ್ತು. ಮೌನೇಶ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಬರುವ ದಾರಿಯಲ್ಲಿ ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಹೇಳಿದ.

“ನಿಮ್ಮ ಮರ ಇದು ಗೌಡ್ರೆ. ಆವತ್ತು ಸುಳ್ಳೇಳ್ದೆ. ಅದು ಬೇರೆ.”

ನಿಂಗರಾಜು ಈ ಮರ ನೋಡಿದ, ಆ ಮರ ನೋಡಿದ. ಅವನಿಗೆ ಅರ್ಥವಾದದ್ದು ಅವನಿಗೆ ಮೊದಲೇ ಗೊತ್ತಿದ್ದದ್ದು.

“ನಾನು ಆವತ್ತೇ ಏಳ್ಲಿಲ್ವಾ, ಅದ್ಲುಬದ್ಲಾಗೈತೆ ಅಂತ,” ಎಂದ. ಆಮೇಲೆ ದೊಡ್ಡ ಮನಸ್ಸು ಮಾಡಿ, ಹೋಗಲಿ, ಮನುಷ್ಯನಿಗೆ ಆಸೆ ಸಹಜ, ತಂದುಕೊಟ್ಟಿರಲ್ಲ ಅಷ್ಟೇ ಸಾಕು, ಎರಡೂ ಇಲ್ಲೇ ಇರಲಿ ಎಂದ. ಹಾಲಿನವರು ಮೌನೇಶನನ್ನು ಕಾಲಿಂದ ತಲೆವರೆಗೆ ನೋಡಿದರು. ಒಳಗೆ ಕಾಫಿಗೆ ಹೇಳಿ ಕಳಿಸಿದ್ದಾಯಿತು.

ಇಂಥ ಮಾತಿಗೆ ಮುಖಕ್ಕೆ ಹೊಡೆದಂತೆ ಉತ್ತರ ಕೊಡುವುದು ಮೌನೇಶನಿಗೆ ನೀರು ಕುಡಿದಷ್ಟು ಸುಲಭ. ಬಾಯಿ ತೆರೆದ. ಅಷ್ಟರಲ್ಲಿ ಬೋರಯ್ಯ ಕೋಲು ಊರಿಕೊಂಡು ಮುಂದಕ್ಕೆ ಬಾಗಿದ. ಇವನು ಯಾರು ಎಂದು ಈಗ ಅವನಿಗೆ ಗುರುತು ಹತ್ತಿತ್ತು.

“ಸೋಮಾಚಾರಿ ಮಗ ಅಲ್ವೇನಪ್ಪಾ ನೀನು?” ಎಂದ, ನಿಜವಾದ ಅಕ್ಕರೆಯಿಂದ. “ನೀನೇ ವಾಸಿ ಕಣಪ್ಪ. ನಿಮ್ಮಪ್ಪ ಒಂದಿನಾನೂ ಇಂಗೆ ವಾಪಸ್ ತಂದು ಕೊಟ್ಟಿರ್ಲಿಲ್ಲ.”

ನಮ್ಮಪ್ಪ ತೆಗೆದುಕೊಂಡೇ ಇರಲಿಲ್ಲ ಎನ್ನಬೇಕಿತ್ತು. ಅದನ್ನು ಹೇಳುವುದಕ್ಕೆ ಭೂಮಿಯ ಮೇಲೆ ಉಳಿದಿದ್ದವನು ಮೌನೇಶ ಒಬ್ಬನೇ, ಅವನ ಮಾತನ್ನು ಆ ಜಗಲಿಯಲ್ಲಿ ಇನ್ನು ಯಾರೂ ನಂಬುವಂತಿರಲಿಲ್ಲ. ಕಾಫಿ ಬಂತು. ಅವನು ತಲೆ ತಗ್ಗಿಸಿ ಕುಡಿದ.