ಬೇಲಿಯಾಚೆಯ ಗಂಡು ಬಳ್ಳಿ

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ: ಎರಡು ಕುರ್ಚಿ, ಅಂಚಿನಲ್ಲಿ ಮಂಕಾದ ಒಂದು ಉದ್ದ ಕನ್ನಡಿ, ಬಾಚಣಿಗೆ ತುಂಬಿದ ಡ್ರಾಯರು. ಮೂವತ್ತು ವರ್ಷ ಹೆಂಗಸರ ಕೂದಲು ಕತ್ತರಿಸಿ ಅವಳ ಹೆಬ್ಬೆರಳು ದಡ್ಡುಗಟ್ಟಿತ್ತು. ಓರೆಕೋರೆಯಾದದ್ದನ್ನು ಕಂಡರೆ ಅವಳಿಗೆ ಆಗದು. ಮಾತಾಡುತ್ತಾ ನಿಂತವರ ತೋಳಿನಲ್ಲಿ ದಾರ ಎದ್ದಿದ್ದರೆ ಕೇಳದೆಯೇ ಕಚಕ್ಕನೆ ಕತ್ತರಿಸಿಬಿಡುವಳು. ನಾಲಿಗೆಯೂ ಹಾಗೆಯೇ, ಸಾಣೆ ಹಿಡಿದದ್ದು.

ಹಿತ್ತಲಲ್ಲಿ ಅವಳದೊಂದು ಕಿವಿ ಹಣ್ಣಿನ ಬಳ್ಳಿ. ಈ ಬಳ್ಳಿ ಸಾಮಾನ್ಯದ್ದಲ್ಲ. ಬೇಸಿಗೆಯಲ್ಲಿ ಒಂದು ವಾರ ಕಣ್ಣು ತಪ್ಪಿದರೆ ಮೊಳಗಟ್ಟಲೆ ಬೆಳೆದು ಬಟ್ಟೆ ಹಗ್ಗ, ಕಿಟಕಿ ಸರಳು, ಏಣಿಯ ಕಾಲು, ಸಿಕ್ಕಿದ್ದಕ್ಕೆಲ್ಲ ಸುತ್ತಿಕೊಳ್ಳುತ್ತದೆ. ಕತ್ತರಿ ಅಕ್ಕನ ಚಪ್ಪರದಲ್ಲಿ ಮಾತ್ರ ಅದರ ಆಟ ನಡೆಯದು. ಚಳಿಯಲ್ಲಿ ಎಲೆ ಉದುರಿ ಬಳ್ಳಿ ಮಲಗಿದಾಗ, ಹಣ್ಣು ಬಿಟ್ಟು ಮುಗಿಸಿದ ಹಳೆಯ ಕೊಂಬೆ ತೆಗೆದು ಹೋದ ವರ್ಷದವನ್ನು ಮಾತ್ರ ತಂತಿಗೆ ಕಟ್ಟುವಳು. ಬೇಸಿಗೆಯಲ್ಲಿ ಮೂರು ನಾಲ್ಕು ಸಲ ತುದಿ ಚಿವುಟುವಳು. ಬೇಲಿ ದಾಟಿ ಆಚೆಗೆ ಚಾಚಿದ ಕುಡಿಗಳನ್ನಂತೂ, ಹಣೆಯ ಮೇಲಿನ ಕೂದಲು ಕತ್ತರಿಸಿದ ಹಾಗೆ, ಹಲಗೆಯ ಸಮಕ್ಕೆ ನೇರವಾಗಿ ಕತ್ತರಿಸಿಬಿಡುವಳು. ಚಳಿ ಶುರುವಾಗುವ ಮುನ್ನ ಬುಟ್ಟಿಗಟ್ಟಲೆ ಹಣ್ಣು. ಬಂದ ಗಿರಾಕಿಯ ಕೈಗೆಲ್ಲ ಎರಡೆರಡು. ಅದು ಅವಳ ಹೆಮ್ಮೆ, ಅದನ್ನು ಮುಚ್ಚಿಡುವಷ್ಟು ವಿನಯ ಅವಳಲ್ಲಿರಲಿಲ್ಲ.

ಬೇಲಿಯ ಆಚೆ ಅವಳ ತಂಗಿಯ ಮನೆ. ತಂಗಿ ಶಾಲೆಯ ವ್ಯಾನು ಓಡಿಸುತ್ತಾಳೆ; ಬೆಳಗಾಗುವ ಮುಂಚೆ ಹೋದರೆ ಬರುವುದು ಸಂಜೆಗೆ. ಅವಳ ಹಿತ್ತಲಲ್ಲೂ ಅಂಥದೇ ಬಳ್ಳಿ, ಇವಳದಕ್ಕಿಂತ ದಪ್ಪ ಬುಡ. ಹೂವೇನೋ ಮೈತುಂಬ ಬಿಡುತ್ತದೆ. ಹಣ್ಣು ಮಾತ್ರ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಬಿಟ್ಟಿಲ್ಲ. ಪ್ರತಿ ವರ್ಷ ಅಕ್ಕ ಬೇಲಿಯ ಮೇಲಿಂದ ಒಂದು ಬುಟ್ಟಿ ಹಣ್ಣು ದಾಟಿಸಿ, "ಕೈಗುಣ ಬೇಕು ಕಣೇ" ಎನ್ನುವಳು. "ನನ್ನ ಕೈಗೆ ಸ್ಟೀರಿಂಗ್ ಒಂದೇ ಒಗ್ಗೋದು" ಎಂದು ತಂಗಿ ನಗುತ್ತಾ ಇಸಿದುಕೊಳ್ಳುವಳು.

ಹೀಗೆ ನಡೆದುಕೊಂಡು ಬಂದದ್ದು, ಬಳ್ಳಿಗಳು ಮೊಗ್ಗು ಕಟ್ಟಿದ ಒಂದು ಶುಕ್ರವಾರ ಕೈಕೊಟ್ಟಿತು. ಸಂಜೆ ತಂಗಿ ಬೇಲಿಯ ಬಳಿ ಬಂದು ನಿಂತಳು. ಮುಖ ಕೆಂಪಾಗಿತ್ತು.

"ಅಕ್ಕಾ, ಈ ಹಾಳು ಬಳ್ಳಿ ಸೂರಿನ ಮಳೆನೀರು ದೋಣೀನೇ ಕಿತ್ತು ಹಾಕಿದೆ. ತಗಡಿನ ಕೆಳಗೆಲ್ಲ ನುಗ್ಗಿದೆ. ನಿನ್ನೆ ಮಳೆಗೆ ನನ್ನ ಹಾಸಿಗೆ ಪೂರ್ತಿ ನೆಂದುಹೋಯ್ತು. ಭಾನುವಾರ ಗರಗಸದವನು ಬರ್ತಾನೆ, ಬುಡಕ್ಕೇ ಹಾಕಿಸ್ತೀನಿ."

"ಬುಡಕ್ಕೆ ಯಾಕೆ? ನಾನೇ ಸವರಿ ಕೊಡ್ತೀನಿ ಬಿಡು."

"ಹನ್ನೊಂದು ವರ್ಷದಲ್ಲಿ ಒಂದು ಸಲ ಏಣಿ ತಂದಿದ್ದೀಯಾ? ಹಣ್ಣು ಬಿಡದ ಗೊಡ್ಡು ಬಳ್ಳಿಗೆ ಇಷ್ಟು ದಿನ ಜಾಗ ಕೊಟ್ಟಿದ್ದೇ ಹೆಚ್ಚು."

ಅದು ಗೊಡ್ಡಲ್ಲ ಎಂಬುದು ಲೋಕದಲ್ಲಿ ಕತ್ತರಿ ಅಕ್ಕನೊಬ್ಬಳಿಗೇ ಗೊತ್ತಿತ್ತು. ಅದು ಗಂಡು. ಈ ಜಾತಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಹೂವಿನ ಧೂಳನ್ನು ಜೇನ್ನೊಣ ತಂದು ಹಾಕದಿದ್ದರೆ ಹೆಣ್ಣು ಬಳ್ಳಿಯಲ್ಲಿ ಒಂದು ಕಾಯಿಯೂ ನಿಲ್ಲದು. ಎರಡನ್ನೂ ನೆಟ್ಟವಳು ಅವರ ತಾಯಿ. ಒಂದರ ಬುಡಕ್ಕೆ ತಗಡಿನ ಚೂರೊಂದರ ಮೇಲೆ ಮೊಳೆಯಿಂದ 'ಗಂಡು' ಎಂದು ಗೀಚಿ ಕಟ್ಟಿದ್ದಳು. "ಏನೂ ಕೊಡಲ್ಲ, ಆದ್ರೆ ಇಲ್ದಿದ್ರೆ ನಡೆಯಲ್ಲ. ನಿಮ್ಮಪ್ಪನ ಹಾಗೆ" ಎಂದು ದೊಡ್ಡ ಮಗಳ ಮುಂದೆ ನಕ್ಕಿದ್ದಳು. ಬಳ್ಳಿಗಳು ಇನ್ನೂ ಹೂವನ್ನೇ ಕಾಣದ ಕಾಲದಲ್ಲಿ ಅವಳು ತೀರಿಕೊಂಡಳು. ಮನೆ ಪಾಲಾಗುವಾಗ ತಂಗಿ, "ನೀನು ದೊಡ್ಡವಳು, ನಿನಗೆ ಬೇಕಾದ ಕಡೆ ಆರಿಸ್ಕೋ" ಎಂದಿದ್ದಳು. ಅಕ್ಕ ಕನ್ನಡಿಗೆ ಬೆಳಕು ಬೇಕೆಂಬ ನೆಪ ಹೇಳಿ ಹೆಣ್ಣು ಬಳ್ಳಿಯ ಕಡೆಯನ್ನು ಆರಿಸಿದಳು. ಬೇಲಿಗೆ ಅಳತೆಯ ಹಗ್ಗ ಹಿಡಿಯುವ ಹಿಂದಿನ ದಿನ ಆ ತಗಡಿನ ಚೂರನ್ನು ಬಿಚ್ಚಿ ಬಾಚಣಿಗೆ ಡ್ರಾಯರಿನ ತಳಕ್ಕೆ ಹಾಕಿದಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಬೇಲಿಗೂ ಇಷ್ಟು ಮುಂದಾಲೋಚನೆ ಇರಲಾರದು.

ಈಗ ಗಂಡು ಬಳ್ಳಿ ಹೋದರೆ ಹಣ್ಣು ಹೋಗುತ್ತದೆ. ಉಳಿಸಬೇಕೆಂದರೆ ಯಾಕೆಂದು ಹೇಳಬೇಕು. ಹೇಳಿದರೆ ತಂಗಿ ಹೋಗುತ್ತಾಳೆ. ಹೊಸ ಗಂಡು ಸಸಿ ನೆಟ್ಟರೆ ಹೂವಿಗೆ ನಾಲ್ಕೈದು ವರ್ಷ ಕಾಯಬೇಕು. ಅಷ್ಟು ವರ್ಷ ಏಣಿ ಹತ್ತಲು ಅವಳ ಮೊಣಕಾಲು ಒಪ್ಪಿಗೆ ಕೊಟ್ಟಿರಲಿಲ್ಲ.

ಶನಿವಾರ ಅಂಗಡಿಯಲ್ಲಿ ಅವಳ ಕೈ ಅವಳ ಮಾತು ಕೇಳಲಿಲ್ಲ. ಪ್ರತಿ ತಿಂಗಳು ಬರುವ ಟೀಚರಮ್ಮ ಕನ್ನಡಿ ನೋಡಿಕೊಂಡು, "ಏನಕ್ಕಾ, ಒಂದು ಕಡೆ ಗಿಡ್ಡ ಆಯ್ತಲ್ಲ? ಯಾರಿಗೆ ಮೋಸ ಮಾಡಿ ಬಂದ್ರಿ?" ಎಂದು ತಮಾಷೆ ಮಾಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, "ನಾನ್ಯಾರಿಗೆ ಮೋಸ ಮಾಡ್ಲಿ?" ಎಂದು ಅಕ್ಕ ಸಿಡುಕಿದಳು. ಟೀಚರಮ್ಮ ಅರ್ಧ ಗಿಡ್ಡ ತಲೆಯಲ್ಲೇ ತೆಪ್ಪಗೆ ಎದ್ದು ಹೋದರು.

ಭಾನುವಾರ ಎಂಟಕ್ಕೆ ಬೇಲಿಯಾಚೆ ಗರಗಸದ ಯಂತ್ರ ಗುರ್ ಎಂದಿತು. ಅಕ್ಕ ಡ್ರಾಯರನ್ನೇ ಬೋರಲು ಹಾಕಿ ತಗಡಿನ ಚೂರು ಹುಡುಕಿ ತೆಗೆದಳು. ಬೇಲಿಗೆ ಬಾಗಿಲಿರಲಿಲ್ಲ, ಬೇಡವೆಂದವಳೂ ಅವಳೇ. ಬೀದಿ ಸುತ್ತಿ, ಕೂದಲು ಮೆತ್ತಿದ ಏಪ್ರನ್ನಿನಲ್ಲೇ ಓಡಿದಳು. ಹಿತ್ತಲು ಮುಟ್ಟುವಷ್ಟರಲ್ಲಿ ಗರಗಸ ಬುಡದ ತೊಗಟೆ ಸೀಳಿತ್ತು. ಗಾಯದಿಂದ ನೀರು ದಳದಳನೆ ಇಳಿಯುತ್ತಿತ್ತು.

"ನಿಲ್ಸಪ್ಪಾ! ದಮ್ಮಯ್ಯ, ನಿಲ್ಸು!"

ಯಂತ್ರ ನಿಂತಿತು. ತಂಗಿ ಏನೆಂಬಂತೆ ನೋಡಿದಳು. ಅಕ್ಕ ತಗಡಿನ ಚೂರನ್ನು ಅವಳ ಕೈಗಿಟ್ಟಳು.

"ಇದು ಅಮ್ಮನ ಅಕ್ಷರ. ನಿನ್ನ ಹತ್ರ ಹೇಗೆ ಬಂತು?"

"ನಾನೇ ಬಿಚ್ಚಿದ್ದು. ಹಗ್ಗ ಹಿಡಿಯೋ ಹಿಂದಿನ ದಿನ. ನಿನ್ನದು ಗಂಡು ಕಣೇ. ಇದು ಹೂ ಬಿಟ್ರೇನೇ ನನ್ನದರಲ್ಲಿ ಹಣ್ಣಾಗೋದು. ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಕಡೆ ಆರಿಸ್ಕೊಂಡೆ."

ಗರಗಸದವನು ಮುಖ ಆಚೆ ತಿರುಗಿಸಿ ಸರಪಳಿ ಒರೆಸತೊಡಗಿದ. ತಂಗಿ ಆ ಎರಡಕ್ಷರದ ಮೇಲೆ ಹೆಬ್ಬೆರಳು ಸವರಿದಳು.

"ಇದಕ್ಕೆ ನಾನು ಎಷ್ಟು ಗೊಬ್ಬರ ಹಾಕಿದೀನಿ ಗೊತ್ತಾ? ಬೈದಿದೀನಿ, ಬೇಡ್ಕೊಂಡಿದೀನಿ. ನನ್ನ ಕೈಯೇ ಕೆಟ್ಟದ್ದು ಅಂದ್ಕೊಂಡು ಬೇರೆ ಒಂದು ಗಿಡಾನೂ ನೆಡಲಿಲ್ಲ. ನೀನು ವರ್ಷಾ ವರ್ಷಾ ಬುಟ್ಟಿ ಕೊಟ್ಟು 'ಕೈಗುಣ ಬೇಕು' ಅಂದೆ. ಬೇರೆ ಏನು ಮಾಡಿದ್ರೂ ಸರಿ ಹೋಗ್ತಿತ್ತು ಅಕ್ಕಾ, ಆ ಮಾತು ಆಡಬಾರದಿತ್ತು."

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ತಂಗಿ ಕಣ್ಣೊರೆಸಿಕೊಂಡು ಗರಗಸದವನಿಗೆ, "ಅಣ್ಣಾ, ಬುಡ ಬಿಡಿ. ಸೂರಿಗೆ ಹತ್ತಿರೋದಷ್ಟು ತೆಗೀರಿ, ಕೆಳಗಿನ ಮೊಗ್ಗು ಮುಟ್ಟಬೇಡಿ" ಎಂದಳು. ಅಕ್ಕನ ಕಡೆ ತಿರುಗಿದಳು. "ನಿನಗೋಸ್ಕರ ಅಲ್ಲ. ಅಮ್ಮ ನೆಟ್ಟಿದ್ದು ಅಂತ. ಇನ್ಮೇಲೆ ನಿನ್ನ ಬುಟ್ಟಿ ನನಗೆ ಬೇಡ. ಬೇಲಿ ದಾಟಿ ಬರೋ ಕುಡೀನ ಕತ್ತರಿಸ್ಬೇಡ, ಅಷ್ಟೇ. ಅದರಲ್ಲಿ ಬಂದಷ್ಟನ್ನ ನಾನೇ ಕಿತ್ಕೊಂತೀನಿ."

ತಗಡಿನ ಚೂರನ್ನು ಅವಳೇ ಇಟ್ಟುಕೊಂಡಳು.

ಆ ವರ್ಷ ಎರಡೂ ಬಳ್ಳಿ ಹೂ ಬಿಟ್ಟವು, ಜೇನ್ನೊಣ ಬೇಲಿ ದಾಟಿ ಬಂದವು, ಈಚೆ ಕಾಯಿ ಕಚ್ಚಿತು. ಆಚೆಯ ಬಳ್ಳಿಯ ಗಾಯ ಹಲವು ದಿನ ಸೋರಿ ಕೊನೆಗೆ ಒಣಗಿತು. ಅಕ್ಕತಂಗಿಯರ ನಡುವೆ ಮಾತಿರಲಿಲ್ಲ. ವ್ಯಾನು ಬಂದು ನಿಂತ ಸದ್ದಾದರೆ ಅಕ್ಕನ ಕತ್ತರಿ ಗಿರಾಕಿಯ ತಲೆಯ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು.

ಬೇಸಿಗೆಯ ನಡುವೆ ಅಕ್ಕನ ಬಳ್ಳಿಯ ಒಂದು ಕುಡಿ ಬೇಲಿಯ ಹಲಗೆಗಳ ಮೇಲೆ ತಲೆ ಎತ್ತಿತು. ಚಪ್ಪರದಡಿ ನಿಂತಿದ್ದ ಅಕ್ಕನ ಕೈ ಅಭ್ಯಾಸಬಲದಿಂದ ಕತ್ತರಿ ಸಮೇತ ಮೇಲೆದ್ದಿತು. ಅಲ್ಲೇ ತಡೆದಳು. ಕತ್ತರಿಯನ್ನು ಏಪ್ರನ್ನಿನ ಜೇಬಿಗೆ ಹಾಕಿ, ಕುಡಿಯನ್ನು ಮುರಿಯದಂತೆ ಹಿಡಿದು ಮೆಲ್ಲಗೆ ಆಚೆಗೆ ಬಾಗಿಸಿದಳು. ಅದರಲ್ಲಿ ಹಣ್ಣಾಗಲು ಇನ್ನೊಂದು ವರ್ಷ ಕಾಯಬೇಕೆಂದು ಅವಳಿಗೆ ಗೊತ್ತಿತ್ತು. ಆಚೆಯಿಂದ ಯಾರೋ ತುದಿ ಹಿಡಿದುಕೊಂಡರು. ತಂತಿ ಎಳೆದು ಕಟ್ಟುವ ಸದ್ದು ಕೇಳಿಸಿತು.

"ಸಾಲಲ್ಲ" ಎಂದಳು ತಂಗಿ, ಮೂರು ತಿಂಗಳ ಮೇಲೆ. "ಇನ್ನೂ ಸ್ವಲ್ಪ ಬಿಡು."

ಅಕ್ಕ ಬಿಟ್ಟಳು.