ತೆರೆದ ಬಾಗಿಲ ಎದುರು ಮಗ

ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ, ಡೊಂಬಿವಲಿ ಪೂರ್ವದಲ್ಲಿ ಅವನನ್ನು ಹಗಲು ಇಟ್ಟುಕೊಳ್ಳಲು ಒಪ್ಪುವವರು ಒಬ್ಬರೇ ಉಳಿದಿದ್ದರು. ಮಿಕ್ಕವರೆಲ್ಲ ಕೆಲವು ದಿನ ನೋಡಿ, ಇದು ನಿಲ್ಲುವ ಮಗುವಲ್ಲ ಎಂದು ಕೈಚೆಲ್ಲಿದ್ದರು. ತೆರೆದ ಬಾಗಿಲು ಕಂಡರೆ ಸಾಕು, ಓಡುತ್ತಿದ್ದ. ಯಾರನ್ನೋ ಹುಡುಕಿಕೊಂಡು ಅಲ್ಲ, ಅಳುತ್ತಲೂ ಅಲ್ಲ. ನಗುತ್ತ ಓಡುತ್ತಿದ್ದ. ಹಿಂದಿನಿಂದ ಕೂಗಿದರೆ ಇನ್ನೂ ಜೋರಾಗಿ.

ನಾನು ಮುಂಬಯಿ ಫೋರ್ಟಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಗಂಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಉಡುಪಿ ಕಡೆಯಿಂದ ಬಂದು ನಮ್ಮ ಚಾಳಿನಲ್ಲಿ ಕೂತು ಮಗು ನೋಡಿಕೊಳ್ಳುವಂಥ ಹಿರಿಯರು ನಮ್ಮಿಬ್ಬರ ಮನೆಗಳಲ್ಲೂ ಇರಲಿಲ್ಲ. ಹಾಗಾಗಿ ಹಗಲು ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರವೇ ಗತಿ. ಅದನ್ನು ನಡೆಸುತ್ತಿದ್ದವಳು ಬೆಳಗಾವಿ ಕಡೆಯ ವಿಧವೆ. ತಾಯಂದಿರೂ ಮಕ್ಕಳೂ ಅವಳನ್ನು ಮಾವ್ಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನೆಲಮಹಡಿಯಲ್ಲಿ ಒಂದೇ ಕೋಣೆ. ಕಿಟಕಿ ಗಟಾರದ ಕಡೆಗೆ. ಒಳಗೆ ಸೀಮೆಎಣ್ಣೆ ಸ್ಟೋವ್ ಉರಿಯುತ್ತಿದ್ದುದರಿಂದ ಬಾಗಿಲು ಮುಚ್ಚಿದರೆ ಮಕ್ಕಳು ಕೆಮ್ಮುತ್ತಿದ್ದವು. ಬಾಗಿಲಿನಾಚೆ ಎರಡು ಮೆಟ್ಟಿಲು, ಅದಕ್ಕೆ ತಾಗಿಯೇ ಎಂಐಡಿಸಿಯ ಟ್ಯಾಂಕರುಗಳು ಓಡಾಡುವ ರಸ್ತೆ.

ಮಾವ್ಶಿ ಮೊದಲು ಬಾಗಿಲಿಗೆ ಅಡ್ಡ ಹಲಗೆ ಇಟ್ಟಳು. ಮಗ ಹತ್ತಿ ದಾಟಿದ. ಟ್ರಂಕ್ ಇಟ್ಟಳು. ಅದರ ಪಕ್ಕದ ಸಂದಿನಲ್ಲಿ ನುಸುಳಿದ. ಆಮೇಲೆ ಕೆಲವು ದಿನ ದೂರೇ ಬರಲಿಲ್ಲ. ಒಂದು ಸಂಜೆ ಸ್ನಾನ ಮಾಡಿಸುವಾಗ ಅವನ ಕಾಲಗಂಟಿನ ಸುತ್ತ ಕೆಂಪು ಪಟ್ಟಿ ಕಂಡಿತು. ಮರುದಿನ ಕೇಳಿದೆ.

“ಕಟ್ಟಿ ಹಾಕ್ತೇನ್ರಿ. ಹಳೇ ಸೀರಿ ತುಂಡು, ಮಂಚದ ಕಾಲಿಗೆ. ಹಗ್ಗ ಅಲ್ಲ,” ಎಂದಳು.

“ಕಟ್ಟಬೇಡಿ ಮಾವ್ಶಿ. ಅವನೇನು ದನವಾ?”

“ದನಾ ಆಗಿದ್ರ ರಸ್ತಾದಾಗ ಬಿಟ್ರೂ ಟ್ಯಾಂಕರ್‌ನವ ಬ್ರೇಕ್ ಹಾಕ್ತಾನ. ಇವಂಗ ಹಾಕೂದಿಲ್ಲ.” ಸ್ವಲ್ಪ ಯೋಚಿಸಿ ಮತ್ತೆ ಹೇಳಿದಳು, “ಆತು, ನಾಳಿಂದ ಕಟ್ಟೂದಿಲ್ಲ. ಬ್ಯಾರೇ ಉಪಾಯ ಮಾಡ್ತೇನಿ.”

ಆ ವಾರ ಕಳೆಯುವಷ್ಟರಲ್ಲಿ ಮಗ ಓಡುವುದನ್ನು ಬಿಟ್ಟ. ಮನೆಯಲ್ಲೂ ಹೊಸ್ತಿಲ ಹತ್ತಿರ ಬಂದವನೇ ನಿಂತುಬಿಡುತ್ತಿದ್ದ. “ನೋಡು, ಬುದ್ಧಿ ಬಂತಲ್ಲ,” ಎಂದು ಗಂಡ ಖುಷಿಪಟ್ಟ. “ನೀನು ಸುಮ್ಮನೆ ತಲೆ ಕೆಡಿಸಿಕೊಂಡದ್ದು ಮಾರಾಯ್ತಿ.” ಆದರೆ ಹಾಸಿಗೆಯಲ್ಲಿ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಚಾಳಿಗೆ ಗೋಣಿ ಹೊತ್ತು ಬಟಾಟೆ ಮಾರುವವನು ಬಂದರೆ ಅಕ್ಕಿ ಡಬ್ಬದ ಹಿಂದೆ ಹೋಗಿ ಕೂರುತ್ತಿದ್ದ. ಸಂಜೆ ಪಾಳಣಾಘರದಿಂದ ಎತ್ತಿಕೊಂಡು ಬರುವಾಗ, ರಸ್ತೆಯ ತಿರುವು ದಾಟುವ ತನಕ ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರುತ್ತಿದ್ದ.

ಒಂದು ದಿನ ಕಚೇರಿಯ ಯಜಮಾನರ ಮನೆಯಲ್ಲಿ ಸಾವಾಗಿ ನಮ್ಮನ್ನು ಬೇಗ ಬಿಟ್ಟರು. ಮಧ್ಯಾಹ್ನದ ಖಾಲಿ ಲೋಕಲ್ ರೈಲಿನಲ್ಲಿ ಬಂದು ನೇರ ಮಾವ್ಶಿಯ ಕೋಣೆಗೆ ಹೋದೆ. ಅಲ್ಲಿ ಪುಟ್ಟ ಹೆಣ್ಣುಮಗುವನ್ನು ಎತ್ತಿಕೊಂಡ ಗಂಡಹೆಂಡಿರು ರಸ್ತೆಯ ಬದಿ ನಿಂತಿದ್ದರು. ಮಗುವನ್ನು ಸೇರಿಸಲು ಬಂದವರು. ಮಾವ್ಶಿ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಿದ್ದಳು. ಹೊರಗಿನ ಮೆಟ್ಟಿಲ ಮೇಲೆ ನನ್ನ ಮಗನ ತಗಡಿನ ಕಾರು ಇತ್ತು. ಮಗ ಹೊಸ್ತಿಲ ಒಳಗೆ ಕೂತಿದ್ದ.

“ಹೋಗ್ ಬಾಳಾ, ತಗೊಂಡ್ ಬಾ. ನಿಂದs ಮೋಟಾರ್ ಅದ ನೋಡು,” ಎಂದು ಮಾವ್ಶಿ ಹಿಂದಿನಿಂದ ಮುದ್ದಿನ ದನಿಯಲ್ಲಿ ಹೇಳುತ್ತಿದ್ದಳು.

ಕಾರು ಅವನ ಕೈಗೆಟಕುವಷ್ಟೇ ದೂರದಲ್ಲಿತ್ತು. ಅವನು ಕೈ ಚಾಚುತ್ತಿದ್ದ, ಹೊಸ್ತಿಲ ಮೇಲೆ ಬಂದ ಕೂಡಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅಳು ಇಲ್ಲ, ಸದ್ದು ಇಲ್ಲ. ಚಡ್ಡಿಯ ಕೆಳಗೆ ಒದ್ದೆ ಹರಡುತ್ತಿತ್ತು. ಒಳಗಿದ್ದ ದೊಡ್ಡ ಮಕ್ಕಳು “ಗೋಣಿ, ಗೋಣಿ” ಎಂದು ನಗುತ್ತಿದ್ದವು. ಮಾವ್ಶಿ ಗಂಡಹೆಂಡಿರ ಕಡೆ ತಿರುಗಿ, ಬಾಗಿಲು ದಿನವಿಡೀ ತೆರೆದೇ ಇರುತ್ತದೆ, ಒಂದು ಮಗುವೂ ಹೆಜ್ಜೆ ಹೊರಗಿಡುವುದಿಲ್ಲ ಎಂದು ಮರಾಠಿಯಲ್ಲಿ ವಿವರಿಸುತ್ತಿದ್ದಳು.

ನಾನು ಮೆಟ್ಟಿಲು ಹತ್ತಿ ಮಗನನ್ನು ಎತ್ತಿಕೊಂಡೆ. ಹೊರಗೆ ತರಲು ತಿರುಗಿದಾಗ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಬಿಡಿಸಲು ಹೋದರೆ ನನ್ನ ತೋಳನ್ನು ಕಚ್ಚಿದ.

“ಏನು ಮಾಡಿದ್ದೀರಿ ಇವನಿಗೆ?”

ಮಾವ್ಶಿ ಮುಚ್ಚಿಡಲಿಲ್ಲ. “ರೇಶನ್ ಅಂಗಡ್ಯಾಗ ಚೀಲಾ ಹೊರೂ ಹಮಾಲ ಅದಾನಲ್ಲ, ಅವಂಗ ಹೇಳಿದ್ದೆ. ಹೊರಗ ಓಡಿದ ಕೂಡ್ಲೆ ಹಿಡದು ಗೋಣ್ಯಾಗ ಹಾಕಿ, ಬಾಯಿ ಕಟ್ಟಿ, ಆ ಕಂಬದ ತನಾ ಹೊತ್ಕೊಂಡು ಹೋಗಿ ತಂದ. ಹೊರಗ ಹೋದ್ರ ಗೋಣ್ಯಾವ ಒಯ್ತಾನ ಅಂತ ತಿಳೀತು. ಮೈಮ್ಯಾಲ ಒಂದು ಏಟು ಹಾಕಿಲ್ಲ, ನೋಡ್ಕೋರಿ.”

ನಾನು ಏನೇನೋ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಹೋದ ವರ್ಷ ಒಂದು ಕೂಸು ಇದs ಮೆಟ್ಟಲಾ ಇಳದು ಟ್ಯಾಂಕರ್ ಕೆಳಗ ಹೋತು. ಅದರ ಅವ್ವ ನನ್ನ ಕೂದಲಾ ಹಿಡದು ರಸ್ತಾದಾಗ ಎಳದಾಡಿದಳು. ನಾ ಸುಮ್ಮನ ಎಳಸ್ಕೊಂಡೆ. ನಿಮ್ಮ ಮಗ ಜೀವಂತ ಅದಾನ. ನಿಮಗ ಯಾವುದು ಬೇಕಾಗಿತ್ತು, ಹೇಳ್ರಿ.”

ನಾನು ಚೌಕಟ್ಟಿನಿಂದ ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವನನ್ನು ಹೊರಗೆ ತಂದೆ. ಆ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನದಿಂದಲೇ ಅವರು ತಮ್ಮ ಮಗಳನ್ನು ಅಲ್ಲಿ ಬಿಡತೊಡಗಿದರೆಂದು ಆಮೇಲೆ ತಿಳಿಯಿತು.

ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಗಂಡ ರಾತ್ರಿ ಪಾಳಿ ಬೇಡಿ ತೆಗೆದುಕೊಂಡ. ಹಗಲೆಲ್ಲ ಮಗನ ಪಕ್ಕ ಅರೆನಿದ್ದೆಯಲ್ಲಿ ಬಿದ್ದಿರುತ್ತಿದ್ದ. ಮಗ ಮಾತ್ರ ಹೊಸ್ತಿಲು ದಾಟಲಿಲ್ಲ. ಡಾಕ್ಟರ ಬಳಿಗೂ ಚಾದರದಲ್ಲಿ ಸುತ್ತಿ ಒಯ್ಯಬೇಕಾಯಿತು. ಮರೆಯುತ್ತಾನೆ, ಬಿಡಿ ಎಂದರು ಡಾಕ್ಟರು. ಅವನು ಮರೆಯಲಿಲ್ಲ.

ಸಕ್ಕರೆಗೆಂದು ರೇಶನ್ ಅಂಗಡಿಗೆ ಹೋದಾಗ ಆ ಹಮಾಲ ಸಿಕ್ಕಿದ. ಕಲಬುರಗಿ ಕಡೆಯವನು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮುಖ ಅರಳಿತು.

“ಹೌದ್ರೀ ಅಕ್ಕಾ, ಆ ಮಾವ್ಶಿ ಹೇಳ್ಯಾಳ, ನಾ ಮಾಡೀನಿ. ಗೋಣ್ಯಾಗ ಏನ್ ಒದರ್ತಿತ್ತು ಅಂತೀರಿ ಕೂಸು,” ಎಂದು ನಕ್ಕ.

ಮಗನ ಸ್ಥಿತಿ ಹೇಳಿದೆ. ನಗು ನಿಂತಿತು. ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. “ನಮ್ ಕಡಿ ಎಲ್ಲಾ ಹುಡುಗರಿಗಿ ಹಿಂಗೇ ಅಂಜಸ್ತಾರ್ರೀ. ಆಯ್ತಾರ ಬರ್ತೀನಿ. ಗೋಣ್ಯಾಗ ಏನೂ ಇಲ್ಲ ಅಂತ ತೋರಸ್ತೀನಿ.”

ಭಾನುವಾರ ಬೆಳಿಗ್ಗೆ ಬಂದ. ಅವನನ್ನು ಕಂಡದ್ದೇ ಮಗ ಮಂಚದ ಕೆಳಗೆ ಸೇರಿದ. ಹಮಾಲ ಹತ್ತಿರ ಬರಲಿಲ್ಲ. ಬಾಗಿಲಿನಾಚೆಯ ಪಡಸಾಲೆಯ ಕೊನೆಯಲ್ಲಿ ನಿಂತು ಗೋಣಿಯನ್ನು ಕೊಡವಿ, ತಾನೇ ಅದರೊಳಗೆ ಇಳಿದು, ತಲೆಯ ಮೇಲಿನವರೆಗೆ ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತ. ಚಾಳಿನ ಮಕ್ಕಳು ಓಡಿಬಂದರು. ಮೊದಲು ನಕ್ಕರು. ಒಬ್ಬ ಕಡ್ಡಿಯಿಂದ ತಿವಿದ. ಮತ್ತೊಬ್ಬ ಒದ್ದ. ಒಳಗಿನಿಂದ ಅವನು ಬೇಕೆಂದೇ “ಅಯ್ಯಯ್ಯೋ” ಎಂದ. ಆಮೇಲೆ ಎಲ್ಲರೂ ಒದೆಯತೊಡಗಿದರು. ನನ್ನ ಗಂಡ ನಗುತ್ತ ನಿಂತಿದ್ದ.

ಮಗ ಮಂಚದ ಕೆಳಗಿನಿಂದ ತಲೆ ಹೊರಹಾಕಿದ. ಹೊಸ್ತಿಲ ಹತ್ತಿರ ಬಂದು ಬಹಳ ಹೊತ್ತು ನಿಂತ. ಒಂದು ಕಾಲು ಹೊರಗಿಟ್ಟ. ಇನ್ನೊಂದನ್ನೂ ಇಟ್ಟ. ಮಕ್ಕಳ ನಡುವೆ ನುಗ್ಗಿ ಗೋಣಿಗೆ ಒದ್ದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿದ್ದ ಎತ್ತರದ ಹಿಮ್ಮಡಿಯ ಚಪ್ಪಲಿ ಎತ್ತಿಕೊಂಡು ತಲೆ ಇದ್ದ ಜಾಗಕ್ಕೆ ಹೊಡೆಯತೊಡಗಿದ. ಆಟದ ಮುಖವಲ್ಲ ಅದು. ಹಲ್ಲು ಕಚ್ಚಿದ್ದ.

ನಾನು ಓಡಿಹೋಗಿ ಎಳೆದೆ. “ಇರ್ಲಿ ಬಿಡ್ರೀ ಅಕ್ಕಾ, ಬಡೀಲಿ,” ಎಂದಿತು ಗೋಣಿಯೊಳಗಿನ ದನಿ. ಆ ದನಿ ಕೇಳಿ ಮಗ ನನ್ನ ಕೈಯಿಂದ ಬಿಡಿಸಿಕೊಂಡು ಇನ್ನೂ ಬಲವಾಗಿ ಹೊಡೆದ.

ಹಮಾಲ ಹೊರಗೆ ಬಂದಾಗ ತುಟಿ ಒಡೆದಿತ್ತು. ಗದ್ದದ ಮೇಲೆ ರಕ್ತ, ಕೂದಲಲ್ಲಿ ಗೋಧಿಯ ಧೂಳು. ನಗಲು ನೋಡಿದ. ಮಗ ಹಿಂದೆ ಸರಿಯಲಿಲ್ಲ. ರಕ್ತವನ್ನೇ ದಿಟ್ಟಿಸಿ ನೋಡಿ, ನಕ್ಕ. ಎಷ್ಟೋ ವಾರಗಳ ಮೇಲೆ ಅವನ ನಗು ಕೇಳಿದ್ದೆ. ಗಂಡ ಚಪ್ಪಾಳೆ ತಟ್ಟಿದ. ನನಗೆ ಸಂತೋಷವಾಯಿತು, ಆದರೂ ಅವನ ಕೈಯಿಂದ ಚಪ್ಪಲಿ ಕಿತ್ತುಕೊಂಡೆ. ಹಮಾಲ ನೀರು ಇಸಿದುಕೊಂಡು ಬಾಯಿ ಮುಕ್ಕಳಿಸಿದ. ಚಾ ಮಾಡುತ್ತೇನೆ, ಕೂರು ಎಂದರೂ ಕೂರಲಿಲ್ಲ. ಗೋಣಿ ಮಡಚಿ ಹೆಗಲಿಗೆ ಹಾಕಿಕೊಂಡು ಇಳಿದುಹೋದ.

ಮುಂದಿನ ವರ್ಷ ಗಂಡನಿಗೆ ಠಾಣೆ ನಗರದಲ್ಲಿ ಬೇರೆ ಕೆಲಸ ಸಿಕ್ಕಿ ಮನೆ ಬದಲಿಸಿದೆವು. ಅಲ್ಲಿನ ಪಾಳಣಾಘರದವಳಿಗೆ ಮಗನ ಮೇಲೆ ಯಾವ ದೂರೂ ಇರಲಿಲ್ಲ. ಬದಲಿಗೆ ಹೊಗಳಿದಳು. ಸಣ್ಣ ಮಕ್ಕಳು ಬಾಗಿಲ ಕಡೆ ಹೋದರೆ ಇವನೇ ಹಿಡಿದು ಹೊಡೆದು ಒಳಗೆ ತಳ್ಳುತ್ತಾನಂತೆ. ತನಗೆ ಆ ಕಡೆಯ ಚಿಂತೆಯೇ ಇಲ್ಲ ಎಂದಳು.