ಲ್ಯಾಬಿನ ಕಂಪ್ಯೂಟರ್ ಅಯೂಬ

ಮಗಳ ರಕ್ತವನ್ನು ಪರೀಕ್ಷೆಗೆ ಕೊಟ್ಟು ಎರಡು ದಿನವಾದರೂ ಮೊಬೈಲಿಗೆ ರಿಪೋರ್ಟ್ ಬಂದಿಲ್ಲವೆಂಬ ಚಿಂತೆ ಬಿಡುತ್ತಿಲ್ಲ. ಅಥಣಿ ರಸ್ತೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅಯೂಬನದು ಸದಾ ಒಂದೇ ಮಾತು: ‘ನಮ್ಮ ಸರ್ವರಿನ್ಯಾಗ ಐತ್ರಿ ಅಕ್ಕಾರ, ಕ್ಲೌಡಿಗೆ ಹೋಗವಲ್ದು, ಅಲ್ಲಿಂದನ ನಿಮ್ಮ ಮೊಬೈಲಿಗೆ ಬರಬೇಕು.’ ಕೇಬಲ್ ಕಿತ್ತು ಊದುತ್ತಾನೆ, ಪಾಸ್‌ವರ್ಡ್ ಮತ್ತೆ ಹೊಡೆಯುತ್ತಾನೆ, ಸರ್ವರನ್ನೂ ಕ್ಲೌಡನ್ನೂ ಜೋಡಿಸುವ ಪ್ರೋಗ್ರಾಮಿಗೆ ‘ಏಳಲೇ, ಸಾಕು ಮಲಗಿದ್ದು’ ಎಂದು ಗದರುತ್ತಾನೆ. ಅವನು ಎಲ್ಲ ಹೊಂದಿಸಿ ಮನೆಗೆ ಹೋದರೆ, ಕಸ ಹೊಡೆಯುವ ಗುರುಬಸವ್ವ ಸಂಜೆ ಊದಿನಕಡ್ಡಿ ಬೆಳಗಿ ಮೇನ್ ಸ್ವಿಚ್ಚನ್ನೇ ಆರಿಸುತ್ತಾಳೆ. ತಿಕೋಟಾದ ಮಗುವೊಂದರ ರಿಪೋರ್ಟ್ ಹೀಗೆ ಸಿಕ್ಕಿಕೊಂಡು, ಡಾಕ್ಟರಿಗೆ ತಲುಪುವ ಮೊದಲೇ ಮಗು ಹೋಯಿತಂತೆ. ಅಂದಿನಿಂದ ಕ್ಲೌಡಿಗೆ ದಾಟದ ರಿಪೋರ್ಟುಗಳನ್ನು ಅಯೂಬನೇ ಕುಳಿತು ಓದುತ್ತಾನೆ. ತಡಮಾಡಬಾರದವರಿಗೆ ಮಾತ್ರ ಫೋನ್ ಮಾಡುತ್ತಾನೆ. ಬೆಳಿಗ್ಗೆಯಿಂದ ಅವನ ಮೂರು ಕಾಲ್ ಬಂದಿವೆ, ನಾನು ಎತ್ತಿಲ್ಲ. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಈಗ ನಾನೇ ಫೋನ್ ಹಚ್ಚಿದೆ. ‘ಓದಿ ಹೇಳಪ್ಪಾ ಅಯೂಬ,’ ಅಂದೆ.